ಪ್ರದೇಶ ಮತ್ತು ಜಾಲಕ: ಒಂದು ಹೋಲಿಕೆಯ ತಿದ್ದುಪಡಿ

ಕೆಲವು ವರ್ಷಗಳ ಹಿಂದೆ ಒಂದು ವಿಚಾರ ಸಂಕಿರಣದಲ್ಲಿ ನಾನು ಮಂಡಿಸಿದ ಪ್ರಬಂಧದಲ್ಲಿ ಹೀಗೊಂದು ಮಾತಿತ್ತು: ಇಂದಿನ ಕಣಭೌತಶಾಸ್ತ್ರವು ದೇಶಕಾಲಗಳನ್ನು ಬಿಡಿಬಿಡಿ ಬಿಂದುಗಳ ಜಾಲಕವೆಂದು ಭಾವಿಸಿ ಲೆಕ್ಕ ಮಾಡುತ್ತದೆ, ಜೈನ ತತ್ತ್ವಶಾಸ್ತ್ರ ಹೇಳುವ ‘ಪ್ರದೇಶ’ ಮತ್ತು ‘ಸಮಯ’ಗಳು ಇದಕ್ಕಿಂತ ಬೇರೆಯಲ್ಲ. ಸಭೆ ಮೆಚ್ಚಿತು, ಪ್ರಬಂಧ ಸಂಪುಟದಲ್ಲಿ ಅಚ್ಚಾಯಿತು. ಅಂದು ಊಟದ ವಿರಾಮದಲ್ಲಿ ಭೌತಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ನನ್ನ ಪಕ್ಕಕ್ಕೆ ಬಂದು ಕುಳಿತು, “ಮೇಷ್ಟ್ರೇ, ನಾವು ಜಾಲಕದ ಅಂತರವನ್ನು ಕೊನೆಗೆ ಸೊನ್ನೆಯ ಕಡೆಗೆ ಇಳಿಸುತ್ತೇವೆ. ನಿಮ್ಮ ಪ್ರದೇಶವನ್ನೂ ಹಾಗೆ ಇಳಿಸಬಹುದೆ?” ಎಂದು ಕೇಳಿದರು. ನಾನು ನಕ್ಕು ಮಾತು ಬದಲಿಸಿದೆ. ಉತ್ತರ ಗೊತ್ತಿರಲಿಲ್ಲ ಎನ್ನುವುದಕ್ಕಿಂತ, ಪ್ರಶ್ನೆಯ ತೂಕವೇ ಆಗ ನನಗೆ ತಿಳಿದಿರಲಿಲ್ಲ ಎಂಬುದು ನಿಜ.

ಈಗ ನನ್ನ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತಿರುವ ವಿದ್ಯಾರ್ಥಿನಿಯೊಬ್ಬರು ತಮ್ಮ ಮಹಾಪ್ರಬಂಧದ ಕರಡು ಅಧ್ಯಾಯದಲ್ಲಿ ನನ್ನ ಆ ಮಾತನ್ನೇ ಆಧಾರವಾಗಿ ಉಲ್ಲೇಖಿಸಿದ್ದಾರೆ. ಅಚ್ಚಾದ ಮಾತು ಹೀಗೆ ಆಧಾರವಾಗುತ್ತದೆ, ಆಧಾರವಾದದ್ದು ಮುಂದಿನವರಿಗೆ ಪ್ರಮಾಣವಾಗುತ್ತದೆ. ಆದ್ದರಿಂದ ಇಷ್ಟು ತಡವಾಗಿಯಾದರೂ ಆ ಪ್ರಶ್ನೆಯನ್ನು ಎದುರಿಸಬೇಕಾಗಿದೆ.

ಮೊದಲು ಭೌತಶಾಸ್ತ್ರದ ಜಾಲಕವೆಂದರೇನು ಎಂಬುದನ್ನು ನೋಡೋಣ. ಪರಮಾಣುವಿನ ನಡುವಣ ಬೀಜದಲ್ಲಿ ಪ್ರೋಟಾನ್, ನ್ಯೂಟ್ರಾನ್‌ಗಳಿವೆ. ಅವುಗಳೊಳಗೆ ಕ್ವಾರ್ಕ್‌ಗಳಿವೆ. ಕ್ವಾರ್ಕ್‌ಗಳನ್ನು ಬೆಸೆಯುವ ಬಲದ ವಾಹಕಗಳಿಗೆ ಗ್ಲುವಾನ್ ಎಂದು ಹೆಸರು. ಈ ಬಲವನ್ನು ವಿವರಿಸುವ ಸಮೀಕರಣಗಳನ್ನು ಒಂದು ಸಾಲಿನಲ್ಲಿ ಬರೆಯಬಹುದು, ಆದರೆ ಬಿಡಿಸುವುದು ಕಷ್ಟ. 1973ರಲ್ಲಿ ಗ್ರಾಸ್, ವಿಲ್ಚೆಕ್ ಮತ್ತು ಪೊಲಿಟ್ಜರ್ ತೋರಿಸಿಕೊಟ್ಟಂತೆ, ಅತಿ ಕಡಿಮೆ ದೂರದಲ್ಲಿ ಈ ಬಲ ಕ್ಷೀಣಿಸುತ್ತದೆ. ಅಲ್ಲಿ ಲೆಕ್ಕ ಸುಲಭ. ಪ್ರೋಟಾನಿನ ಗಾತ್ರದಷ್ಟು ದೂರಕ್ಕೆ ಬಂದರೆ ಬಲ ತೀವ್ರವಾಗಿ, ಹಂತಹಂತವಾಗಿ ತಿದ್ದುತ್ತ ಹೋಗುವ ರೂಢಿಯ ಲೆಕ್ಕದ ಕ್ರಮ ಕೈಕೊಡುತ್ತದೆ. 1974ರಲ್ಲಿ ಅಮೆರಿಕದ ಕೆನೆತ್ ವಿಲ್ಸನ್ ಒಂದು ಹೊಸ ದಾರಿ ತೆರೆದರು. ಅವಿಚ್ಛಿನ್ನವಾದ ದೇಶಕಾಲದ ಬದಲಿಗೆ ನಾಲ್ಕು ಆಯಾಮಗಳ ಒಂದು ಜಾಲಕವನ್ನು ಕಲ್ಪಿಸಿಕೊಳ್ಳುವುದು. ಅದರ ಗಂಟುಗಳ ಮೇಲೆ ಕ್ವಾರ್ಕ್‌ಗಳನ್ನೂ, ಗಂಟಿನಿಂದ ಗಂಟಿಗೆ ಹೋಗುವ ಎಳೆಗಳ ಮೇಲೆ ಗ್ಲುವಾನ್‌ಗಳನ್ನೂ ಇಡುವುದು. ಆಗ ಲೆಕ್ಕ ಗಣಕಯಂತ್ರದ ಹಿಡಿತಕ್ಕೆ ಸಿಗುತ್ತದೆ. ಗಂಟುಗಳ ನಡುವಣ ಅಂತರ ಸಾಮಾನ್ಯವಾಗಿ ಒಂದು ಫೆಮ್ಟೊಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಪ್ರೋಟಾನಿನ ತ್ರಿಜ್ಯ ಸುಮಾರು 0.84 ಫೆಮ್ಟೊಮೀಟರ್ ಆದುದರಿಂದ, ಅದರ ನಡುವಿನಿಂದ ಅಂಚಿನವರೆಗೆ ಎಂಟೊಂಬತ್ತು ಗಂಟುಗಳಷ್ಟೇ ಇರುತ್ತವೆ.

ಈ ದಾರಿ ಎಲ್ಲಿಗೆ ಮುಟ್ಟಿಸಿತು ಎಂಬುದಕ್ಕೆ ಒಂದು ನಿದರ್ಶನ ಸಾಕು. 2008ರಲ್ಲಿ ಯುರೋಪಿನ ಒಂದು ತಂಡ ಪ್ರೋಟಾನ್ ಮತ್ತು ಅದರ ಬಂಧುಕಣಗಳ ದ್ರವ್ಯರಾಶಿಯನ್ನು ಜಾಲಕದ ಮೂಲಕ ಲೆಕ್ಕ ಹಾಕಿ ಪ್ರಕಟಿಸಿತು. ಪ್ರೋಟಾನಿನ ವಿಚಾರದಲ್ಲಿ ಅವರಿಗೆ ಬಂದ ಉತ್ತರ 936 ಎಂಇವಿ. ಪ್ರಯೋಗದಿಂದ ತಿಳಿದದ್ದು 938. ಇದರಲ್ಲಿ ಪ್ರೋಟಾನಿನೊಳಗಿನ ಮೂರು ಕ್ವಾರ್ಕ್‌ಗಳ ಸ್ವಂತ ದ್ರವ್ಯರಾಶಿಯನ್ನು ಕೂಡಿದರೆ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ. ಉಳಿದದ್ದೆಲ್ಲ ಬಂಧದ ಶಕ್ತಿ. ನಮ್ಮ ದೇಹದ ತೂಕದ ಬಹುಪಾಲು ವಸ್ತುವಿನದಲ್ಲ, ವಸ್ತುಗಳ ನಡುವಣ ಬಂಧದ್ದು ಎಂದು ಜಾಲಕದ ಲೆಕ್ಕ ಹೇಳಿತು. ನನಗೆ ಇಲ್ಲಿ ಅಷ್ಟೇ ಮುಖ್ಯವೆನಿಸಿದ್ದು ಆ 936ರ ಜೊತೆಗೆ ಬರೆದಿದ್ದ ಎರಡು ಸಂಖ್ಯೆಗಳು: 25 ಮತ್ತು 22. ಒಂದು, ಯಾದೃಚ್ಛಿಕ ಮಾದರಿಗಳನ್ನು ತೆಗೆದುದರಿಂದ ಬಂದಿರಬಹುದಾದ ತಪ್ಪಿನ ಅಳತೆ. ಇನ್ನೊಂದು, ವಿಧಾನದಿಂದಲೇ ಬಂದಿರಬಹುದಾದ ತಪ್ಪಿನ ಅಳತೆ. ಅವರು ಉತ್ತರದ ಜೊತೆಗೆ ತಮ್ಮ ಅಜ್ಞಾನವನ್ನೂ ಅಳೆದು ಕೊಟ್ಟಿದ್ದರು.

ಇನ್ನು ಜೈನ ಪಕ್ಷ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ದ್ರವ್ಯಗಳ ಪ್ರದೇಶಸಂಖ್ಯೆಯ ವಿಚಾರ ಬರುತ್ತದೆ. ಅವಿಭಾಜ್ಯವಾದ ಒಂದು ಪುದ್ಗಲ ಪರಮಾಣು ಎಷ್ಟು ಎಡೆಯನ್ನು ವ್ಯಾಪಿಸುತ್ತದೆಯೋ ಅಷ್ಟು ಒಂದು ಪ್ರದೇಶ. ಧರ್ಮ, ಅಧರ್ಮ ಮತ್ತು ಒಂದೊಂದು ಜೀವಕ್ಕೂ ಅಸಂಖ್ಯಾತ ಪ್ರದೇಶಗಳು. ಆಕಾಶಕ್ಕೆ ಅನಂತ ಪ್ರದೇಶಗಳು. ಪರಮಾಣುವು ಮಂದಗತಿಯಿಂದ ಒಂದು ಪ್ರದೇಶದಿಂದ ಪಕ್ಕದ ಪ್ರದೇಶಕ್ಕೆ ಸರಿಯುವ ಕಾಲ ಒಂದು ಸಮಯ. ಕಾಲದ್ರವ್ಯವನ್ನು ಕುರಿತು ದಿಗಂಬರ ಪರಂಪರೆ ಇನ್ನೂ ಮುಂದೆ ಹೋಗುತ್ತದೆ: ಲೋಕಾಕಾಶದ ಒಂದೊಂದು ಪ್ರದೇಶದಲ್ಲಿಯೂ ಒಂದೊಂದು ಕಾಲಾಣು, ರಾಶಿ ಹಾಕಿದ ರತ್ನಗಳಂತೆ ಒಂದರೊಡನೊಂದು ಬೆರೆಯದೆ ನಿಂತಿದೆ. ಇದನ್ನು ಓದಿದವನಿಗೆ ಜಾಲಕದ ಚಿತ್ರ ಕಣ್ಣಿಗೆ ಕಟ್ಟುವುದು ಸಹಜ. ನನಗೂ ಕಟ್ಟಿತ್ತು.

ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆ? ಮೊದಲನೆಯದಾಗಿ, ಪ್ರದೇಶವು ಲೆಕ್ಕದ ಅನುಕೂಲಕ್ಕಾಗಿ ಹಾಕಿಕೊಂಡ ಗೆರೆಯಲ್ಲ. ಶಾಸ್ತ್ರದ ಮಾತಿನಲ್ಲಿ ಅದು ಅಂತಿಮ. ಅದಕ್ಕಿಂತ ಕಿರಿದಾದ ಎಡೆಯಿಲ್ಲ. ವಿಲ್ಸನ್ನರ ಜಾಲಕವಾದರೋ ಹುಟ್ಟುವಾಗಲೇ ತನ್ನ ಅಳಿವನ್ನು ಒಪ್ಪಿಕೊಂಡಿದೆ. 2008ರ ಲೆಕ್ಕವನ್ನು ಮೂರು ಬೇರೆ ಬೇರೆ ಅಂತರಗಳ ಜಾಲಕಗಳ ಮೇಲೆ ಮಾಡಿ, ಅಂತರ ಸೊನ್ನೆಯಾದರೆ ಉತ್ತರ ಎಲ್ಲಿ ನಿಲ್ಲುತ್ತದೆ ಎಂದು ಆ ಮೂರರಿಂದ ಊಹಿಸಲಾಯಿತು. ಎರಡನೆಯದಾಗಿ, ಒಂದೇ ಪ್ರದೇಶದಲ್ಲಿ ಅನಂತ ಪರಮಾಣುಗಳು ಅವಗಾಹನ ಶಕ್ತಿಯಿಂದ ಇರಬಲ್ಲವು ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಜಾಲಕದ ಗಂಟಿಗೆ ಅಂತಹ ಅರ್ಥವಿಲ್ಲ. ಮೂರನೆಯದಾಗಿ, ಪ್ರದೇಶಗಳನ್ನು ಹೇಳುವ ಶಾಸ್ತ್ರವೇ ಆಕಾಶವನ್ನು ಅಖಂಡ ದ್ರವ್ಯವೆಂದೂ ಹೇಳುತ್ತದೆ. ಪ್ರದೇಶಗಳನ್ನು ಎಣಿಸಬಹುದು, ಬಿಡಿಸಿ ತೆಗೆಯಲಾಗದು. ನಾನು ಪ್ರದೇಶವನ್ನು ಬಿಡಿ ಬಿಂದುವೆಂದು ಬರೆದಾಗ ಭೌತಶಾಸ್ತ್ರಕ್ಕೆ ಮಾತ್ರವಲ್ಲ, ನನ್ನ ಶಾಸ್ತ್ರಕ್ಕೂ ಅನ್ಯಾಯ ಮಾಡಿದ್ದೆ.

ಜಾಲಕವನ್ನೇ ನಿಜವೆಂದು ಭಾವಿಸಿದವರು ಭೌತಶಾಸ್ತ್ರದಲ್ಲಿಯೂ ಇಲ್ಲದಿಲ್ಲ. 1930ರಲ್ಲಿ ಹೈಸೆನ್‌ಬರ್ಗ್ ದೇಶವನ್ನು ಸಣ್ಣ ಕೋಣೆಗಳ ಜಾಲಕವೆಂದು ಕಲ್ಪಿಸಿ ನೋಡಿ, ತೊಡಕುಗಳನ್ನು ಕಂಡು ಕೈಬಿಟ್ಟರು. 1947ರಲ್ಲಿ ಹಾರ್ಟ್‌ಲ್ಯಾಂಡ್ ಸ್ನೈಡರ್ ದೇಶಕಾಲವನ್ನು ಬೇರೊಂದು ರೀತಿಯಲ್ಲಿ ಬಿಡಿಯಾಗಿಸುವ ಸಿದ್ಧಾಂತವನ್ನು ಮುಂದಿಟ್ಟರು. ಇಂತಹ ಕಲ್ಪನೆಗಳಿಗೆ ಎದುರಾಗುವ ತೊಡಕನ್ನು ಗಣಿತಜ್ಞ ಹರ್ಮನ್ ವೈಲ್ 1949ರ ತಮ್ಮ ಗ್ರಂಥದಲ್ಲಿ ಅತ್ಯಂತ ಸರಳವಾಗಿ ಹೇಳಿದ್ದಾರೆ. ಚೌಕವೊಂದು ಪುಟ್ಟ ಚೌಕಹಾಸುಗಳಿಂದಾದದ್ದು ಎನ್ನಿ. ಬದಿಯ ಉದ್ದಕ್ಕೆ ಎಷ್ಟು ಹಾಸುಗಳೋ ಕರ್ಣದ ಉದ್ದಕ್ಕೂ ಅಷ್ಟೇ ಹಾಸುಗಳು. ಉದ್ದವೆಂದರೆ ಹಾಸುಗಳ ಎಣಿಕೆ ಎನ್ನುವುದಾದರೆ ಕರ್ಣವೂ ಬದಿಯೂ ಸಮವಾಗಬೇಕು. ಹಾಸನ್ನು ಎಷ್ಟು ಚಿಕ್ಕದು ಮಾಡಿದರೂ ಈ ತಪ್ಪು ಕಡಿಮೆಯಾಗುವುದಿಲ್ಲ. ವಿಲ್ಸನ್ನರ ಜಾಲಕ ಈ ಕೊಕ್ಕೆಯಿಂದ ಹೇಗೆ ಪಾರಾಗುತ್ತದೆ? ಅಲ್ಲಿ ದೂರವನ್ನು ಗಂಟುಗಳ ಎಣಿಕೆಯಿಂದ ತಿಳಿಯುವುದಿಲ್ಲ. ಅಲೆಗಳ ನಡೆಯಿಂದ ತಿಳಿಯುತ್ತಾರೆ. ಗಂಟುಗಳ ಅಂತರಕ್ಕಿಂತ ಬಹಳ ಉದ್ದವಾದ ಅಲೆಗೆ ಜಾಲಕದ ದಿಕ್ಕು ಕಾಣಿಸುವುದಿಲ್ಲ; ಕರ್ಣದ ಕಡೆಗೂ ಬದಿಯ ಕಡೆಗೂ ಅದು ಒಂದೇ ಬಗೆಯಾಗಿ ಹರಿಯುತ್ತದೆ. ಅಂತರ ಕಿರಿದಾದಂತೆ ಈ ಸಾಮ್ಯ ಹೆಚ್ಚುತ್ತದೆ. ಜಾಲಕದ ಆಕಾರವನ್ನೇ ಬದಲಿಸಿದರೂ ಕೊನೆಯ ಉತ್ತರ ಒಂದೇ ಎಂಬುದು ವಿಲ್ಸನ್ನರ ಸಿದ್ಧಾಂತದ ಜೀವಾಳ. ಆಕಾರ ಯಾವುದಾದರೂ ಆದೀತು ಎಂದಮೇಲೆ ಯಾವ ಆಕಾರವೂ ಸತ್ಯದ ಆಕಾರವೆಂದು ಹಕ್ಕು ಸಾಧಿಸುವಂತಿಲ್ಲ.

ಬಿಡಿಯಾಗಿಸುವುದು ನಿರಪಾಯದ ಕೆಲಸವೂ ಅಲ್ಲ. ಒಂದು ಎಲೆಕ್ಟ್ರಾನಿನಂತಹ ಕಣವನ್ನು ನಾಲ್ಕು ಆಯಾಮಗಳ ಜಾಲಕದ ಮೇಲೆ ನೇರವಾಗಿ ಇಟ್ಟರೆ ಲೆಕ್ಕದಲ್ಲಿ ಹದಿನಾರು ಕಣಗಳು ಕಾಣಿಸಿಕೊಳ್ಳುತ್ತವೆ. ಹದಿನೈದು ಜಾಲಕವೇ ಹುಟ್ಟಿಸಿದ ಭೂತಗಳು. ಅವನ್ನು ಓಡಿಸಬಹುದು, ಆದರೆ ಓಡಿಸುವಾಗ ಎಡಗೈ ಬಲಗೈಗಳಿಗೆ ಸಂಬಂಧಿಸಿದ ಒಂದು ಸಮ್ಮಿತಿ ಕೆಡುತ್ತದೆ. ಅಡ್ಡಪರಿಣಾಮವಿಲ್ಲದ ಮದ್ದು ಸಾಧ್ಯವಿಲ್ಲವೆಂದು 1981ರಲ್ಲಿ ಡೆನ್ಮಾರ್ಕಿನ ನೀಲ್ಸನ್ ಮತ್ತು ಜಪಾನಿನ ನಿನೊಮಿಯಾ, ಕೆಲವು ಸಾಮಾನ್ಯ ನಿಬಂಧನೆಗಳಿಗೆ ಒಳಪಟ್ಟು, ಸಿದ್ಧಪಡಿಸಿದರು. ನಿಬಂಧನೆಗಳನ್ನು ಸಡಿಲಿಸಿ ದಾರಿ ಕಂಡುಕೊಳ್ಳುವ ಕೆಲಸ ಅಂದಿನಿಂದ ನಡೆದೇ ಇದೆ. ಕಣ್ಣಿಗೆ ಹಿಡಿದ ಗಾಜು ತನ್ನ ಗೆರೆಗಳನ್ನೂ ತೋರಿಸುತ್ತದೆ. ಗಾಜಿನ ಗೆರೆ ಯಾವುದು, ಹೊರಗಿನ ಗೆರೆ ಯಾವುದು ಎಂದು ಬೇರ್ಪಡಿಸುವುದೇ ವಿದ್ಯೆ.

ಈ ಹಂತದಲ್ಲಿ ಜೈನ ವಿದ್ವಾಂಸನಿಗೆ ಇನ್ನೊಂದು ಆಸೆ ಹುಟ್ಟುತ್ತದೆ. ಪ್ರದೇಶದ ಹೋಲಿಕೆ ಬಿದ್ದುಹೋದರೆ ಹೋಗಲಿ, ನಯವಾದ ಇದೆಯಲ್ಲ! ಜಾಲಕವು ವ್ಯವಹಾರನಯ, ಅವಿಚ್ಛಿನ್ನತೆಯು ನಿಶ್ಚಯನಯ ಎನ್ನಬಹುದಲ್ಲ! ಈ ಆಸೆಗೆ ಇಂದಿನ ತತ್ತ್ವಜ್ಞರ ಚರ್ಚೆಯಲ್ಲಿ ಒಂದು ಆಸರೆಯೂ ಇದೆ. ಡೋರೀನ್ ಫ್ರೇಸರ್ ಮತ್ತು ಡೇವಿಡ್ ವಾಲೆಸ್ 2011ರಲ್ಲಿ ಇದೇ ವಿಷಯವಾಗಿ ಎದುರುಬದುರಾದರು. ಕಿರಿದಾದ ಅಳತೆಗಳನ್ನು ಕೈಯಾರೆ ಕತ್ತರಿಸಿಟ್ಟ ಸಿದ್ಧಾಂತ ಲೋಕದ ಸ್ವರೂಪವನ್ನು ಹೇಳಲಾರದು, ಏಕೆಂದರೆ ಆ ಕತ್ತರಿಯನ್ನು ಯಾರೂ ನಿಜವೆಂದು ನಂಬುವುದಿಲ್ಲ. ಆದ್ದರಿಂದ ಎಲ್ಲ ಅಳತೆಗಳಲ್ಲಿಯೂ ನಿಲ್ಲುವ, ಗಣಿತದ ಬುನಾದಿ ಭದ್ರವಾದ ಸಿದ್ಧಾಂತವನ್ನೇ ತತ್ತ್ವಜ್ಞರು ಆಧರಿಸಬೇಕು ಎಂಬುದು ಫ್ರೇಸರ್ ಅವರ ಪಕ್ಷ. ಕತ್ತರಿಸಿದ ಸಿದ್ಧಾಂತವೇ ಪ್ರಯೋಗಗಳಲ್ಲಿ ಗೆದ್ದಿರುವುದು. ಕತ್ತರಿಯ ಆಚೆ ಏನೇ ಇರಲಿ, ಈಚೆಯ ಮಟ್ಟದಲ್ಲಿ ಅದು ಹೇಳುವುದು ಬಹುಮಟ್ಟಿಗೆ ಸತ್ಯ ಎಂಬುದು ವಾಲೆಸ್ ಅವರ ಪಕ್ಷ. ಎರಡು ಪಕ್ಷಗಳನ್ನೂ ಎರಡು ನಯಗಳೆಂದು ಕರೆದು, ತನ್ನೊಂದನ್ನೇ ಪೂರ್ಣವೆನ್ನುವುದು ದುರ್ನಯ ಎಂದು ತೀರ್ಪು ಕೊಟ್ಟು ಲೇಖನ ಮುಗಿಸುವುದು ನನಗೆ ಸುಲಭವಿತ್ತು.

ಹಾಗೆ ಮಾಡಲಾರೆ. ನಯವೆಂದರೆ ವಸ್ತುವಿನಲ್ಲಿ ನಿಜವಾಗಿಯೂ ಇರುವ ಅನೇಕ ಧರ್ಮಗಳಲ್ಲಿ ಒಂದನ್ನು ಮುಖ್ಯವಾಗಿ ಹಿಡಿಯುವ ದೃಷ್ಟಿ. ಹದಿನಾರು ಕಣಗಳ ಭೂತಚೇಷ್ಟೆ ವಸ್ತುವಿನ ಯಾವ ಧರ್ಮ? ಅದು ಯಾವ ನಯದಿಂದಲೂ ಸತ್ಯವಲ್ಲ, ಅದು ತಪ್ಪು. ಜಾಲಕದ ಒಂದೊಂದು ಉತ್ತರದಲ್ಲಿಯೂ ಸತ್ಯ ಮತ್ತು ತಪ್ಪು ಬೆರೆತಿವೆ. ವಿಧಾನದ ಹೆಚ್ಚುಗಾರಿಕೆಯೆಂದರೆ, ಅಂತರ ಕಿರಿದಾದಂತೆ ಆ ತಪ್ಪು ಯಾವ ಕ್ರಮದಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಬಲ್ಲುದು. ಇಂತಹ ತಪ್ಪಿಗೆ ನಯವಾದದಲ್ಲಿ ಹೆಸರು ಹುಡುಕಬಾರದು, ಗಣಿತಶಾಸ್ತ್ರದಲ್ಲಿ ಹುಡುಕಬೇಕು. ಅಲ್ಲಿ ನಮ್ಮವರು ನಿಜಕ್ಕೂ ಏನನ್ನೋ ಹೇಳಿದ್ದಾರೆ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಕ್ಷೇತ್ರಗಣಿತದಲ್ಲಿ ಒಂದೇ ಆಕೃತಿಗೆ ಎರಡು ಲೆಕ್ಕಗಳನ್ನು ಕೊಡುತ್ತಾರೆ: ವ್ಯಾವಹಾರಿಕ ಒಂದು, ಸೂಕ್ಷ್ಮ ಇನ್ನೊಂದು. ವೃತ್ತದ ಪರಿಧಿ ವ್ಯವಹಾರಕ್ಕೆ ವ್ಯಾಸದ ಮೂರರಷ್ಟು. ಸೂಕ್ಷ್ಮದಲ್ಲಿ ಹತ್ತರ ವರ್ಗಮೂಲದಷ್ಟು, ಎಂದರೆ ಸುಮಾರು 3.1623. ನಿಜವಾದ ಬೆಲೆ 3.1416ರ ಆಸುಪಾಸು. ಕೆರೆಯ ಸುತ್ತಳತೆ ಬೇಕಾದವನಿಗೆ ಮೂರು ಸಾಕು. ಸಾಕೆಂಬುದನ್ನು ಸಾಕೆಂದೇ ಹೆಸರಿಟ್ಟು ಹೇಳುವುದು ಇಲ್ಲಿನ ಪ್ರಾಮಾಣಿಕತೆ. ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಉದ್ಧರಿಸುವ ಸೂತ್ರವೊಂದು ಇನ್ನೂ ಕುತೂಹಲಕರ. ವ್ಯಾಸವನ್ನು ಹದಿನಾರರಿಂದ ಗುಣಿಸಿ, ಹದಿನಾರನ್ನು ಕೂಡಿ, 113ರಿಂದ ಭಾಗಿಸಿ, ವ್ಯಾಸದ ಮೂರರಷ್ಟನ್ನು ಸೇರಿಸಿದರೆ ಪರಿಧಿ. ಇದು ಸೂಕ್ಷ್ಮಕ್ಕಿಂತಲೂ ಸೂಕ್ಷ್ಮವೆಂದು ಆ ಸೂತ್ರ ತನ್ನನ್ನು ಹೇಳಿಕೊಳ್ಳುತ್ತದೆ. ಕೂಡಿಸುವ ಆ ಹದಿನಾರನ್ನು ಬಿಟ್ಟರೆ ಉಳಿಯುವುದು 355ನ್ನು 113ರಿಂದ ಭಾಗಿಸಿದ ಬೆಲೆ, 3.1415929, ದಶಮಾಂಶದ ಆರು ಸ್ಥಾನಗಳವರೆಗೆ ಸರಿ. ಆ ಹೆಚ್ಚಿನ ಹದಿನಾರರಿಂದ ಉತ್ತರಕ್ಕೆ ಬರುವ ತಪ್ಪು ಯಾವಾಗಲೂ ಸುಮಾರು 0.14 ಮಾತ್ರ. ವ್ಯಾಸ ಒಂದಾದರೆ ಅದು ದೊಡ್ಡದು. ವ್ಯಾಸ ಲಕ್ಷವಾದರೆ ಲೆಕ್ಕಕ್ಕಿಲ್ಲದ್ದು. ವಸ್ತು ಹಿರಿದಾದಂತೆ ವಿಧಾನದ ಕಲೆ ಮಾಯುತ್ತದೆ. ಆ ಹದಿನಾರು ಅಲ್ಲಿಗೆ ಏಕೆ ಬಂದಿತೆಂಬುದನ್ನು ಇದು ವಿವರಿಸುವುದಿಲ್ಲ, ಭೌತಶಾಸ್ತ್ರವನ್ನು ಇದು ಮುಂಗಂಡಿತ್ತೆಂದೂ ನಾನು ಹೇಳುತ್ತಿಲ್ಲ. ಆದರೆ ಗಂಟುಗಳ ಅಂತರಕ್ಕೆ ಹೋಲಿಸಿದರೆ ಅಲೆ ಉದ್ದವಾದಂತೆ ಜಾಲಕದ ಕಲೆ ಮಾಯುವುದನ್ನು ವಿದ್ಯಾರ್ಥಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಸಿಕ್ಕಿಲ್ಲ. ಧವಲಾದ ತಾಳೆಯೋಲೆಗಳು ಹಳಗನ್ನಡ ಲಿಪಿಯಲ್ಲಿ ನಮ್ಮ ಮೂಡುಬಿದಿರೆಯಲ್ಲಿಯೇ ಉಳಿದು ಬಂದವು ಎಂಬುದನ್ನು ಕನ್ನಡ ವಿದ್ಯಾರ್ಥಿಗಳಿಗೆ ನೆನಪಿಸಬೇಕಾಗಿಲ್ಲ.

ಎಚ್ಚರಿಕೆಯ ದೃಷ್ಟಾಂತವೂ ನಮ್ಮಲ್ಲಿಯೇ ಇದೆ. ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನ. ಪರಿಧಿ 316227 ಯೋಜನ, 3 ಕ್ರೋಶ, 128 ಧನುಸ್ಸು, ಹದಿಮೂರೂವರೆ ಅಂಗುಲ ಮತ್ತು ಸ್ವಲ್ಪ ಹೆಚ್ಚು ಎಂದು ಗ್ರಂಥಗಳು ಹೇಳುತ್ತವೆ. ತಿಲೋಯಪಣ್ಣತ್ತಿ ಅಂಗುಲಕ್ಕಿಂತ ಕೆಳಗಿನ ಅಳತೆಗಳಿಗೂ ಇಳಿಯುತ್ತದೆ. ಇದು ಹತ್ತರ ವರ್ಗಮೂಲವನ್ನು ಹಿಡಿದು ಮಾಡಿದ ಲೆಕ್ಕ. ಇಂದಿನ ಬೆಲೆಯಿಂದ ಗುಣಿಸಿದರೆ ಪರಿಧಿ 314159 ಯೋಜನ. ವ್ಯತ್ಯಾಸ ಎರಡು ಸಾವಿರ ಯೋಜನಗಳಿಗೂ ಮಿಕ್ಕು. ಅಂಗುಲದ ಅರ್ಧವನ್ನು ಬಿಡದೆ ಲೆಕ್ಕ ಹಾಕಿದ ಆ ಶ್ರದ್ಧೆಗೆ ನಮಸ್ಕರಿಸುತ್ತೇನೆ. ಆದರೆ ಲೆಕ್ಕದ ನಯಗಾರಿಕೆ ಬೇರೆ, ಹಿಡಿದ ಬೆಲೆಯ ಸತ್ಯ ಬೇರೆ. 25 ಮತ್ತು 22 ಎಂದು ಎರಡು ತಪ್ಪುಗಳನ್ನು ಬೇರೆ ಬೇರೆಯಾಗಿ ಬರೆಯುವ ಪದ್ಧತಿಯ ಹಿಂದೆ ಈ ವಿವೇಕವಿದೆ. ಎಷ್ಟೇ ಮಾದರಿಗಳನ್ನು ತೆಗೆದರೂ ಮೊದಲನೆಯದು ಮಾತ್ರ ಇಳಿಯುತ್ತದೆ, ಎರಡನೆಯದು ಅಲ್ಲಿಯೇ ಇರುತ್ತದೆ.

ಹಾಗಾದರೆ ಪ್ರದೇಶ ಮತ್ತು ಜಾಲಕಗಳ ನಡುವೆ ಏನೂ ಉಳಿಯಲಿಲ್ಲವೆ? ಒಂದು ಸಣ್ಣ ಸಂಗತಿ ಉಳಿಯಿತು. ಜಾಲಕದ ಲೆಕ್ಕಕ್ಕೆ ಕೂರುವಾಗ ಗಂಟುಗಳ ಅಂತರ ಎಷ್ಟು ಫೆಮ್ಟೊಮೀಟರ್ ಎಂದು ಯಂತ್ರಕ್ಕೆ ಹೇಳುವುದಿಲ್ಲ. ಹೇಳುವುದು ಬಲದ ತೀವ್ರತೆ ಮತ್ತು ಕ್ವಾರ್ಕ್‌ಗಳ ದ್ರವ್ಯರಾಶಿಗಳನ್ನು ಸೂಚಿಸುವ ಬರಿಯ ಸಂಖ್ಯೆಗಳನ್ನು. ಉತ್ತರವೂ ಬರಿಯ ಸಂಖ್ಯೆಗಳಲ್ಲಿ ಬರುತ್ತದೆ. ಅದರಲ್ಲಿ ಒಂದು ಕಣದ ದ್ರವ್ಯರಾಶಿಯನ್ನು ಪ್ರಯೋಗದ ಬೆಲೆಗೆ ಸರಿಹೊಂದಿಸಿದಾಗ ಮಾತ್ರ ಅಂತರ ಎಷ್ಟಿತ್ತೆಂದು ತಿಳಿಯುತ್ತದೆ. ಅಳೆಯುವ ಕೋಲಿನ ಉದ್ದ ಅಳೆದ ಮೇಲೆ ತಿಳಿಯುತ್ತದೆ. ನಮ್ಮ ಶಾಸ್ತ್ರವೂ ಪ್ರದೇಶವನ್ನು ಶೂನ್ಯದಲ್ಲಿ ಹಾಕಿದ ಗೆರೆಯಿಂದ ಹೇಳದೆ, ಅದನ್ನು ವ್ಯಾಪಿಸುವ ಪರಮಾಣುವಿನಿಂದಲೇ ಹೇಳುತ್ತದೆ. ಸಮಯವನ್ನು ಪರಮಾಣುವಿನ ಚಲನೆಯಿಂದ ಹೇಳುತ್ತದೆ. ಅಳತೆಗೆ ಅರ್ಥ ಬರುವುದು ಅಳೆಯಲ್ಪಡುವ ವಸ್ತುವಿನಿಂದ ಎಂಬ ಈ ಒಂದು ತಿಳಿವಿನಲ್ಲಿ ಎರಡೂ ಹತ್ತಿರ ಬರುತ್ತವೆ. ಇದಕ್ಕಿಂತ ಹೆಚ್ಚು ಹೇಳಿದರೆ ಮತ್ತೆ ಹಳೆಯ ತಪ್ಪಿಗೆ ಬೀಳುತ್ತೇನೆ.

ಕರಡನ್ನು ಹಿಂತಿರುಗಿಸುವಾಗ ನನ್ನ ಹೆಸರಿನ ಉಲ್ಲೇಖದ ಪಕ್ಕದಲ್ಲಿ ‘ಇದನ್ನು ತೆಗೆಯಿರಿ’ ಎಂದು ಬರೆದೆ. ವಿದ್ಯಾರ್ಥಿನಿ ಸಂಕೋಚದಿಂದ, “ತೆಗೆಯುವುದೇಕೆ ಸರ್? ಸ್ಥೂಲವಾಗಿ ಸರಿ ಎಂದು ಉಳಿಸಿಕೊಳ್ಳಬಹುದಲ್ಲ” ಎಂದರು. ಮಹಾವೀರಾಚಾರ್ಯರ ಪಾಠವನ್ನು ಅವರಿಗೆ ಹೇಳಿಕೊಟ್ಟವನು ನಾನೇ. ಆದರೆ ಸ್ಥೂಲಕ್ಕೂ ಒಂದು ಅರ್ಹತೆ ಬೇಕು. ಮೂರು ಎಂಬ ಬೆಲೆಯನ್ನು ತಿದ್ದುತ್ತ ಹೋದರೆ ಅದು ನಿಜದ ಕಡೆಗೇ ಸಾಗುತ್ತದೆ. ‘ಪ್ರದೇಶವೇ ಜಾಲಕ’ ಎಂಬ ನನ್ನ ಮಾತನ್ನು ಎಷ್ಟು ತಿದ್ದಿದರೂ ಅದು ನಿಜದ ಕಡೆಗೆ ಸಾಗುವುದಿಲ್ಲ. ವೈಲ್ ಅವರ ಚೌಕಹಾಸಿನ ಕರ್ಣದಂತೆ, ಹಾಸು ಎಷ್ಟು ಕಿರಿದಾದರೂ ತಪ್ಪು ಅಷ್ಟೇ ಉಳಿಯುತ್ತದೆ. ಆದ್ದರಿಂದ ಅವರಿಗೆ ಹೇಳಿದೆ: “ಹಾಗಿದ್ದರೆ ತೆಗೆಯುವುದೂ ಬೇಡ. ಉಲ್ಲೇಖವನ್ನು ಉಳಿಸಿ, ಈ ಮಾತು ತಪ್ಪು ಎಂದು ಬರೆದು, ಏಕೆ ತಪ್ಪು ಎಂಬುದನ್ನು ಎರಡು ಪುಟಗಳಲ್ಲಿ ವಿವರಿಸಿ.” ಅವರು ಈಗ ಆ ಎರಡು ಪುಟಗಳನ್ನು ಬರೆಯುತ್ತಿದ್ದಾರೆ. ನನ್ನ ಸಹೋದ್ಯೋಗಿಗೆ ಕೊಡಬೇಕಾಗಿದ್ದ ಉತ್ತರ ಅದರಲ್ಲಿರುತ್ತದೆ.